ಐರಿಷ್ ಸೈನಿಕನ ಬಡ್ತಿಯ ಜಾಡು ಹಿಡಿಯುವುದು ಹೇಗೆ

ಹೆಸರಿನಿಂದ ಶುರು ಮಾಡಬೇಡಿ. ಮೊದಲ ಮಹಾಯುದ್ಧದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಐರಿಷ್ ಗಂಡಸರು ಬ್ರಿಟಿಷ್ ಸೈನ್ಯದಲ್ಲಿದ್ದರು. ಅದರಲ್ಲಿ ಜಾನ್ ಮರ್ಫಿಗಳೆಷ್ಟೋ, ಪ್ಯಾಟ್ರಿಕ್ ಕೆಲಿಗಳೆಷ್ಟೋ. ಹೆಸರು ಹಿಡಿದು ಹೋದರೆ ಯಾರದೋ ಅಜ್ಜನನ್ನು ಇನ್ಯಾರದೋ ಮನೆಗೆ ತಂದು ಕೂರಿಸುತ್ತೀರಿ. ನಂಬರ್, ರೆಜಿಮೆಂಟ್, ರ‍್ಯಾಂಕ್ ಈ ಮೂರನ್ನು ಹಿಡಿಯಿರಿ. ಮೂರರಲ್ಲೂ ನನಗೆ ರ‍್ಯಾಂಕ್ ಮೇಲೆ ನಂಬಿಕೆ ಜಾಸ್ತಿ. ಯಾಕೆಂದರೆ ಸೈನ್ಯದಲ್ಲಿ ಒಬ್ಬ ಒಂದು ಮೆಟ್ಟಿಲು ಹತ್ತಿದರೂ ಇಳಿದರೂ ಎಲ್ಲೋ ಒಂದು ಕಡೆ ಒಬ್ಬ ಗುಮಾಸ್ತ ಅದನ್ನು ಬರೆದಿಟ್ಟಿರುತ್ತಾನೆ.

ನಾನು ದಾವಣಗೆರೆಯವಳು. ಡಬ್ಲಿನ್ನಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಇಲ್ಲಿ ಎಷ್ಟೋ ಜನರ ಬೀರುವಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇರುತ್ತದೆ, ಒಳಗೆ ಒಂದೆರಡು ಪದಕ. "ನಮ್ಮಪ್ಪನ ಅಪ್ಪ ಸಾರ್ಜೆಂಟ್ ಮೇಜರ್ ಆಗಿದ್ದರಂತೆ, ನಿಜವಾ ಅಂತ ನೋಡಿ ಹೇಳಮ್ಮ" ಎಂದು ರಾತ್ರಿ ಪಾಳಿಯಲ್ಲಿ ಕೇಳುತ್ತಾರೆ. 1922ರಲ್ಲಿ ಐರ್ಲೆಂಡ್ ಸ್ವತಂತ್ರವಾದ ಮೇಲೆ ಬ್ರಿಟಿಷ್ ಸಮವಸ್ತ್ರ ತೊಟ್ಟಿದ್ದನ್ನು ಹೇಳಿಕೊಳ್ಳುವುದೇ ಅನೇಕ ಮನೆಗಳಲ್ಲಿ ಮುಜುಗರದ ವಿಷಯವಾಯಿತು. ಹಾಗಾಗಿ ಮೊಮ್ಮಕ್ಕಳಿಗೆ ಅರ್ಧ ಕಥೆಯಷ್ಟೇ ಗೊತ್ತು. ಇಲ್ಲಿರುವ ನಮ್ಮ ಕನ್ನಡದವರಿಗೂ ಅಕ್ಕಪಕ್ಕದ ಮನೆಯವರು ಇಂಥದ್ದನ್ನು ತೋರಿಸುತ್ತಿರುತ್ತಾರೆ, ಅಲ್ವಾ? ಅವರಿಗಾಗಿ, ಮತ್ತೆ ಬೆಂಗಳೂರು ದಂಡಿನ ಹಳೇ ಮನೆತನಗಳಲ್ಲಿ ಐರಿಷ್ ಬೇರು ಹುಡುಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪದಕದ ಅಂಚು ಓದಿ

ಪದಕ ಕೈಗೆ ಬಂದ ಕೂಡಲೇ ಪಾಲಿಶ್ ಹಾಕಿ ಉಜ್ಜಬೇಡಿ. ನಮಗೆ ಬೇಕಾಗಿರುವುದು ಅಂಚಿನ ಅಕ್ಷರ, ಉಜ್ಜಿದಷ್ಟೂ ಅದು ಸವೆಯುತ್ತದೆ. ಒಂದು ಟಾರ್ಚ್ ತೆಗೆದುಕೊಂಡು ಬೆಳಕನ್ನು ಓರೆಯಾಗಿ ಬಿಡಿ. ಸವೆದ ಅಕ್ಷರವೂ ನೆರಳು ಬಿದ್ದು ಎದ್ದು ಕಾಣುತ್ತದೆ.

ಸಾಮಾನ್ಯವಾಗಿ ಮೂರು ಸಿಗುತ್ತವೆ. ಒಂದು ಕಂಚಿನ ನಕ್ಷತ್ರ. 1915ರ ಕೊನೆಯೊಳಗೆ ಯುದ್ಧಭೂಮಿಗೆ ಕಾಲಿಟ್ಟವರಿಗೆ ಮಾತ್ರ ಇದು. 1914ರ ನವೆಂಬರ್ 22ರೊಳಗೆ ಫ್ರಾನ್ಸ್, ಬೆಲ್ಜಿಯಂಗೆ ಹೋದವರದ್ದು 1914ರ ಸ್ಟಾರ್, ಆಮೇಲಿನವರದ್ದು 1914-15ರ ಸ್ಟಾರ್. ಇದರಲ್ಲಿ ಹೆಸರು, ನಂಬರ್, ರ‍್ಯಾಂಕ್ ಬೆನ್ನಿನ ಮೇಲೆ ಒತ್ತಿರುತ್ತದೆ. ಎರಡನೆಯದು ಐದನೇ ಜಾರ್ಜ್ ದೊರೆಯ ತಲೆ ಇರುವ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್. ಮೂರನೆಯದು ರೆಕ್ಕೆಯ ದೇವತೆ ಇರುವ ಕಂಚಿನ ವಿಕ್ಟರಿ ಮೆಡಲ್. ಈ ಎರಡರಲ್ಲಿ ಬರಹ ಅಂಚಿನಲ್ಲಿ, ಸುತ್ತಲೂ.

ಇಲ್ಲಿದೆ ಮುಖ್ಯ ವಿಷಯ. ನಕ್ಷತ್ರದ ಮೇಲಿರುವುದು ಆತ ಯುದ್ಧಭೂಮಿಗೆ ಮೊದಲ ಸಲ ಬಂದಾಗಿನ ರ‍್ಯಾಂಕ್. ದುಂಡು ಪದಕಗಳ ಮೇಲಿರುವುದು ಸಾಮಾನ್ಯವಾಗಿ ಆತ ಅಲ್ಲಿ ಮುಟ್ಟಿದ ಅತಿ ಎತ್ತರದ ರ‍್ಯಾಂಕ್. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಏಣಿಯ ಕೆಳಗಿನ ಮೆಟ್ಟಿಲೂ ಮೇಲಿನ ಮೆಟ್ಟಿಲೂ ಕೈಗೆ ಸಿಕ್ಕಿತು. ನಕ್ಷತ್ರದ ಹಿಂದೆ 'ಪಿ.ಟಿ.ಇ.' ಅಂತಿದೆ, ಬೆಳ್ಳಿಯ ಅಂಚಿನಲ್ಲಿ 'ಎಸ್.ಜೆ.ಟಿ.' ಅಂತಿದೆ ಎಂದುಕೊಳ್ಳಿ. ಪ್ರೈವೇಟ್ ಆಗಿ ಹೋದವ ಸಾರ್ಜೆಂಟ್ ಆಗಿದ್ದಾನೆ. ಆ ಕಾಲದ ಸೈನ್ಯ ಸಾರ್ಜೆಂಟ್ ಪದಕ್ಕೆ ಜೆ ಅಕ್ಷರ ಹಾಕುತ್ತಿತ್ತು, ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ರ‍್ಯಾಂಕಿನ ಮುಂದೆ 'ಎ' ಇದ್ದರೆ ಆಕ್ಟಿಂಗ್, 'ಎಲ್' ಇದ್ದರೆ ಲ್ಯಾನ್ಸ್. ಈ ಒಂಟಿ ಅಕ್ಷರಗಳನ್ನು ಬಿಡಬೇಡಿ, ಇವುಗಳಲ್ಲೇ ಅರ್ಧ ಕಥೆ ಇರುತ್ತದೆ.

ಪದಕ ಮಾರಿಹೋಗಿದೆಯಾ? ಪರವಾಗಿಲ್ಲ. ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪದಕಗಳ ಇಂಡೆಕ್ಸ್ ಕಾರ್ಡುಗಳಿವೆ, ಡಬ್ಲ್ಯು.ಒ. 372 ಅನ್ನುವ ಸಾಲು (ಡಬ್ಲ್ಯು.ಒ. ಅಂದರೆ ವಾರ್ ಆಫೀಸ್, ಆಗಿನ ಬ್ರಿಟಿಷ್ ಯುದ್ಧ ಇಲಾಖೆ). ಆನ್‌ಲೈನಿನಲ್ಲೇ ಹುಡುಕಬಹುದು. ಒಂದು ಸಣ್ಣ ಕಾರ್ಡಿನಲ್ಲಿ ರೆಜಿಮೆಂಟ್, ರ‍್ಯಾಂಕ್, ನಂಬರ್ ಒಂದರ ಕೆಳಗೊಂದು ಬರೆದಿರುತ್ತಾರೆ. ಎರಡು ರೆಜಿಮೆಂಟ್, ಎರಡು ನಂಬರ್ ಇದ್ದರೆ ಗಾಬರಿ ಬೇಡ. ಆಗ ನಂಬರನ್ನು ಕೊಡುತ್ತಿದ್ದುದು ರೆಜಿಮೆಂಟ್. ಬೇರೆ ರೆಜಿಮೆಂಟಿಗೆ ಹೋದರೆ ಬೇರೆ ನಂಬರ್. ಮೊದಲು ನಂಬರ್ ಇದ್ದು, ಕೆಳಗಿನ ಸಾಲಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅಂತಿದ್ದು ನಂಬರಿನ ಜಾಗ ಖಾಲಿ ಇದ್ದರೆ ಖುಷಿಪಡಿ. ಆತ ಸಿಪಾಯಿ ಸಾಲಿನಿಂದ ಅಧಿಕಾರಿ ಸಾಲಿಗೆ ದಾಟಿದ್ದಾನೆ.

ಕಾರ್ಡಿನಲ್ಲಿ ಯುದ್ಧಭೂಮಿಗೆ ಬಂದ ತಾರೀಖನ್ನೂ ನೋಡಿ. ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟಿನವನ ಕಾರ್ಡಿನಲ್ಲಿ 25-4-15 ಎಂದಿದ್ದರೆ ಅದು ತುರ್ಕಿಯ ಗಲಿಪೊಲಿಯ ಕಡಲತೀರದಲ್ಲಿ ಇಳಿದ ದಿನ. ಆವತ್ತು ಆ ರೆಜಿಮೆಂಟಿನ ಒಂದನೇ ಬೆಟಾಲಿಯನ್ ದೋಣಿಗಳಲ್ಲೇ ಸಾಲುಸಾಲಾಗಿ ಸತ್ತಿತು. ಅಲ್ಲಿ ಬದುಕಿ ಉಳಿದವನಿಗೆ ಬೇಗ ಬೇಗ ಬಡ್ತಿ ಸಿಕ್ಕಿದ್ದರೆ ಕಾರಣ ಊಹಿಸುವುದು ಕಷ್ಟವಲ್ಲ. ಮೇಲಿನವರು ಉಳಿದಿರಲಿಲ್ಲ.

ಮೆಟ್ಟಿಲುಗಳ ಒಳಗುಟ್ಟು

ಪ್ರೈವೇಟ್, ಲ್ಯಾನ್ಸ್ ಕಾರ್ಪೊರಲ್, ಕಾರ್ಪೊರಲ್, ಸಾರ್ಜೆಂಟ್, ಕಂಪನಿ ಕ್ವಾರ್ಟರ್‌ಮಾಸ್ಟರ್ ಸಾರ್ಜೆಂಟ್, ಕಂಪನಿ ಸಾರ್ಜೆಂಟ್ ಮೇಜರ್, ರೆಜಿಮೆಂಟಲ್ ಸಾರ್ಜೆಂಟ್ ಮೇಜರ್. ಕಾಲಾಳು ಪಡೆಯಲ್ಲಿ ಸಿಪಾಯಿಯ ಏಣಿ ಮುಖ್ಯವಾಗಿ ಇಷ್ಟೇ. ಕೇಳಲು ನೇರ. ಕಾಗದದಲ್ಲಿ ಮಾತ್ರ ಹಾವು ಏಣಿ ಆಟ.

ಲ್ಯಾನ್ಸ್ ಕಾರ್ಪೊರಲ್ ಅನ್ನುವುದು ಪೂರ್ತಿ ರ‍್ಯಾಂಕ್ ಅಲ್ಲ, ಒಂದು ನೇಮಕ. ಎಷ್ಟೋ ಜನಕ್ಕೆ ಅದು 'ಅನ್‌ಪೇಯ್ಡ್'. ತೋಳಿಗೆ ಪಟ್ಟಿ ಬಂತು, ಹತ್ತು ಜನರ ಜವಾಬ್ದಾರಿ ಬಂತು, ಸಂಬಳ ಮಾತ್ರ 1914ರ ಕಾಲಾಳು ಪ್ರೈವೇಟ್ ಪಡೆಯುತ್ತಿದ್ದ ಅದೇ ದಿನಕ್ಕೊಂದು ಶಿಲ್ಲಿಂಗ್. ಲ್ಯಾನ್ಸ್ ಸಾರ್ಜೆಂಟ್ ಅಂದರೆ ಸಾರ್ಜೆಂಟ್ ಕೆಲಸ ಮಾಡುವ ಕಾರ್ಪೊರಲ್. ಆಕ್ಟಿಂಗ್ ಅಂದರೆ ಆ ಜಾಗದಲ್ಲಿ ಇರುವಷ್ಟು ದಿನ ಮಾತ್ರ. ಗುಂಡೇಟು ತಿಂದು ಆಸ್ಪತ್ರೆಗೆ ಹೋದ, ಬೆಟಾಲಿಯನ್ ಬಿಟ್ಟ, ಆಕ್ಟಿಂಗ್ ರ‍್ಯಾಂಕೂ ಹೋಯಿತು.

ಇದನ್ನು ಮನೆಯವರಿಗೆ ಬಿಡಿಸಿ ಹೇಳಿ. ದಾಖಲೆಯಲ್ಲಿ ಸಾರ್ಜೆಂಟ್ ಇದ್ದವ ಮುಂದಿನ ಸಾಲಿನಲ್ಲಿ ಕಾರ್ಪೊರಲ್ ಆಗಿದ್ದರೆ "ಕುಡಿದು ಗಲಾಟೆ ಮಾಡಿರಬೇಕು" ಎಂದು ಮೊಮ್ಮಕ್ಕಳೇ ತೀರ್ಪು ಕೊಟ್ಟುಬಿಡುತ್ತಾರೆ. ಶಿಕ್ಷೆಯಾಗಿ ಇಳಿಸಿದ್ದರೆ ಹಾಗೆಂದೇ ಬರೆದಿರುತ್ತದೆ. 'ರಿವರ್ಟೆಡ್' ಅಂತ ಮಾತ್ರ ಇದ್ದರೆ ಬರೀ ಆಕ್ಟಿಂಗ್ ಮುಗಿದಿರಬಹುದು. 'ಸ್ವಂತ ಕೋರಿಕೆಯ ಮೇರೆಗೆ' ಎಂದೂ ಇರುತ್ತದೆ. ಜೊತೆಗಾರರ ಮೇಲೆ ಅಧಿಕಾರ ಮಾಡುವುದು ಎಲ್ಲರಿಗೂ ಆಗಿಬರುವ ಕೆಲಸವಲ್ಲ.

ಸುಟ್ಟ ಕಾಗದಗಳಲ್ಲಿ ಹುಡುಕಾಟ

ಸಿಪಾಯಿಗಳ ಸೇವಾ ದಾಖಲೆಗಳನ್ನು ಲಂಡನ್ನಿನ ಆರ್ನ್‌ಸೈಡ್ ಸ್ಟ್ರೀಟಿನ ಒಂದು ಗೋದಾಮಿನಲ್ಲಿ ಇಟ್ಟಿದ್ದರು. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಅರ್ಧಕ್ಕಿಂತ ಹೆಚ್ಚು ಸುಟ್ಟುಹೋಯಿತು. ಉಳಿದದ್ದು ಡಬ್ಲ್ಯು.ಒ. 363. ಪಿಂಚಣಿ ಕಡತಗಳಿಂದ ಸಿಕ್ಕಿದ್ದು ಡಬ್ಲ್ಯು.ಒ. 364. ಎರಡನ್ನೂ ವಂಶಾವಳಿ ವೆಬ್‌ಸೈಟುಗಳಲ್ಲಿ ಚಂದಾ ಕಟ್ಟಿ ನೋಡಬಹುದು. ಐರಿಷ್ ಗಾರ್ಡ್ಸ್‌ನವನಾದರೆ ಅದೃಷ್ಟ. ಗಾರ್ಡ್ಸ್ ರೆಜಿಮೆಂಟುಗಳು ತಮ್ಮ ಸಿಪಾಯಿಗಳ ಕಾಗದ ತಾವೇ ಇಟ್ಟುಕೊಂಡಿದ್ದರಿಂದ ಆ ಬೆಂಕಿಗೆ ಸಿಗಲಿಲ್ಲ.

ಕಡತ ಸಿಕ್ಕರೆ ಮೊದಲು 'ಬಿ. 103' ಎಂಬ ಫಾರಂ ಹುಡುಕಿ. ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಅವರ ಎಸ್.ಆರ್. (ಸೇವಾ ದಾಖಲೆ) ಪುಸ್ತಕ ನೋಡಿದವಳಿಗೆ ಈ ಫಾರಂ ಕಂಡಾಗ ಹಳೇ ನೆಂಟರು ಸಿಕ್ಕ ಹಾಗಾಯಿತು. ಸೇರಿದ್ದು, ಬಡ್ತಿ, ವರ್ಗ, ರಜೆ, ಕಾಯಿಲೆ ಎಲ್ಲವೂ ತಾರೀಖಿನ ಪ್ರಕಾರ, ಬೇರೆ ಬೇರೆ ಗುಮಾಸ್ತರ ಬೇರೆ ಬೇರೆ ಶಾಯಿಯಲ್ಲಿ. ಫಾರಂ ತಲೆಬರಹದಲ್ಲಿ 'ಕ್ಯಾಶುವಲ್ಟಿ' ಅಂತಿದೆ. ಗಾಯ, ಸಾವು ಮಾತ್ರ ಅಲ್ಲ, ಸೈನ್ಯದ ಲೆಕ್ಕದಲ್ಲಿ ಬಡ್ತಿಯೂ ಅದರೊಳಗೇ ಬರುತ್ತದೆ. ಎಡಗಡೆ ಇರುವ ತಾರೀಖು ವರದಿ ಬಂದ ದಿನ, ಬಲಗಡೆಯದು ಘಟನೆ ನಡೆದ ದಿನ. ಬಲಗಡೆಯದನ್ನೇ ಬರೆದುಕೊಳ್ಳಿ. ಎರಡರ ನಡುವೆ ವಾರಗಟ್ಟಲೆ ಅಂತರ ಇರುವುದು ಮಾಮೂಲು. ಅಂಚು ಸುಟ್ಟು ಕಪ್ಪಾದ ಹಾಳೆಯಲ್ಲಿ ತಾರೀಖು ಓದಲಾಗದಿದ್ದರೆ ಅದರ ಮೇಲಿನ, ಕೆಳಗಿನ ಸಾಲುಗಳ ತಾರೀಖು ನೋಡಿ ನಡುವಿನದು ಎಂದಷ್ಟೇ ಬರೆಯಿರಿ.

ಕಡತ ಸಿಗದಿದ್ದರೆ ಬೆಟಾಲಿಯನ್ನಿನ ಯುದ್ಧ ದಿನಚರಿ ಇದೆ, ಡಬ್ಲ್ಯು.ಒ. 95. ಆದರೆ ತುಂಬ ಆಸೆ ಇಟ್ಟುಕೊಳ್ಳಬೇಡಿ. ಅದರಲ್ಲಿ ಅಧಿಕಾರಿಗಳಿಗೆ ಹೆಸರಿದೆ, ಸಿಪಾಯಿಗಳಿಗೆ ಬರೀ ಲೆಕ್ಕ. 'ಒ.ಆರ್.' ಎಂದು ಬರೆದು ಪಕ್ಕದಲ್ಲಿ ಸತ್ತವರೆಷ್ಟು, ಗಾಯಗೊಂಡವರೆಷ್ಟು ಅಂತ ಅಂಕಿ. ಒ.ಆರ್. ಅಂದರೆ ಅಧಿಕಾರಿಗಳಲ್ಲದ ಉಳಿದವರು. ಅಂಥ ಒಂದು ದೊಡ್ಡ ಅಂಕಿಯ ಮಾರನೇ ವಾರ ನಿಮ್ಮ ಸೈನಿಕನಿಗೆ ಬಡ್ತಿ ಬಂದಿದ್ದರೆ ಎರಡನ್ನೂ ಪಕ್ಕದಲ್ಲಿ ಬರೆದಿಡಿ.

ಸತ್ತವರ ವಿಷಯಕ್ಕೆ ಡಬ್ಲಿನ್ನಿನಲ್ಲೇ ಒಂದು ಒಳ್ಳೆಯ ದಾಖಲೆ ಇದೆ. ಐರಿಷ್ ಸೈನಿಕರ ಸುಮಾರು 9,000 ಉಯಿಲುಗಳನ್ನು ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ಉಚಿತವಾಗಿ ಆನ್‌ಲೈನಿನಲ್ಲಿ ಇಟ್ಟಿದೆ. ಹೆಚ್ಚಿನವು ಎರಡೇ ಸಾಲು, 'ನಾನು ಸತ್ತರೆ ಇರುವುದೆಲ್ಲ ಅಮ್ಮನಿಗೆ' ಅನ್ನುವಂಥವು. ಕೆಳಗೆ ಸಹಿ, ರ‍್ಯಾಂಕ್, ನಂಬರ್, ತಾರೀಖು. ಆ ತಾರೀಖಿನಂದು ಆತ ಯಾವ ಮೆಟ್ಟಿಲಲ್ಲಿದ್ದ ಎಂದು ಆತನ ಕೈಬರಹದಲ್ಲೇ ಸಿಕ್ಕಿತು. 1901 ಮತ್ತು 1911ರ ಜನಗಣತಿಯೂ ಅಲ್ಲೇ ಉಚಿತ. ಆದರೆ 1911ರಲ್ಲಿ ಬ್ಯಾರಕ್ಕಿನಲ್ಲಿ ಇದ್ದವರಿಗೆ ಪೂರ್ತಿ ಹೆಸರಿಲ್ಲ, ಇನಿಷಿಯಲ್ ಮಾತ್ರ. ಹೆಸರು ಹಾಕಿ ಹುಡುಕಿ ಸಿಗಲಿಲ್ಲ ಎಂದು ಕೈಬಿಡಬೇಡಿ.

ಇಲ್ಲೊಂದು ಎಚ್ಚರಿಕೆ. 'ಐರ್ಲೆಂಡ್ಸ್ ಮೆಮೋರಿಯಲ್ ರೆಕಾರ್ಡ್ಸ್' ಎಂಬ 8 ಸಂಪುಟಗಳಲ್ಲಿ 49,000ಕ್ಕೂ ಹೆಚ್ಚು ಹೆಸರುಗಳಿವೆ. 1923ರದ್ದು. ಹ್ಯಾರಿ ಕ್ಲಾರ್ಕ್ ಎಂಬ ಕಲಾವಿದ ಪುಟಗಳ ಅಂಚಿಗೆಲ್ಲ ಚಿತ್ರ ಬರೆದಿದ್ದಾರೆ, ಕಣ್ಣು ಕೀಳಲಾಗುವುದಿಲ್ಲ. ಆದರೆ ಐರಿಷ್ ರೆಜಿಮೆಂಟಿನಲ್ಲಿ ಸತ್ತ ಇಂಗ್ಲಿಷರೂ ಅದರಲ್ಲಿದ್ದಾರೆ. ಹೆಸರು ಅಲ್ಲಿದೆ ಅಂದ ಮಾತ್ರಕ್ಕೆ ಆತ ಐರಿಷ್ ಎಂದು ತೀರ್ಮಾನಿಸಬೇಡಿ.

ಒಬ್ಬನನ್ನು ಹಿಡಿದು ಅಭ್ಯಾಸ ಮಾಡಿ

ಸ್ವಂತ ಹುಡುಕಾಟಕ್ಕೆ ಇಳಿಯುವ ಮೊದಲು ಪೂರ್ತಿ ದಾಖಲೆ ಇರುವ ಒಬ್ಬನ ಮೇಲೆ ಕೈ ಪಳಗಿಸಿಕೊಳ್ಳಿ. ನಾನು ಎಲ್ಲರಿಗೂ ಹೇಳುವುದು ಮೈಕಲ್ ಓಲಿಯರಿ.

ಆತ ಕಾರ್ಕ್ ಕೌಂಟಿಯ ಇಂಚಿಗೀಲಾ ಕಡೆಯವನು. ಮೊದಲು ನೌಕಾಪಡೆ, 1910ರಲ್ಲಿ ಐರಿಷ್ ಗಾರ್ಡ್ಸ್. ಆಮೇಲೆ ಕೆನಡಾಕ್ಕೆ ಹೋಗಿ ಕುದುರೆ ಪೊಲೀಸ್ ಆದ. 1914ರಲ್ಲಿ ಯುದ್ಧ ಶುರುವಾದಾಗ ಮೀಸಲು ಸೈನಿಕನೆಂದು ವಾಪಸ್ ಕರೆಸಿದರು. 1915ರ ಜನವರಿಯಲ್ಲಿ ಲ್ಯಾನ್ಸ್ ಕಾರ್ಪೊರಲ್. ಫೆಬ್ರವರಿ 1ರಂದು ಫ್ರಾನ್ಸಿನ ಕ್ವಿಂಚಿ ಎಂಬಲ್ಲಿ ದಾಳಿ. ಓಲಿಯರಿ ಗುಂಪಿಗಿಂತ ಮುಂದೆ ಓಡಿ ಮೊದಲ ತಡೆಗೋಡೆಯ ಹಿಂದಿದ್ದ 5 ಜರ್ಮನ್ನರನ್ನು ಕೊಂದ. ಅಲ್ಲಿಂದ ಸುಮಾರು 60 ಗಜ ಮುಂದಿದ್ದ ಎರಡನೇ ಗೋಡೆಯಲ್ಲಿ 3 ಜನರನ್ನು ಕೊಂದು ಇಬ್ಬರನ್ನು ಸೆರೆ ಹಿಡಿದ. ಇದಕ್ಕೆ ಬ್ರಿಟಿಷ್ ಸೈನ್ಯದ ಅತಿ ದೊಡ್ಡ ಶೌರ್ಯ ಪದಕ, ವಿಕ್ಟೋರಿಯಾ ಕ್ರಾಸ್.

ಈಗ ಕಾಗದ ನೋಡಿ. ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಆತ ನಂಬರ್ 3556, ಲ್ಯಾನ್ಸ್ ಕಾರ್ಪೊರಲ್. ಸೈನಿಕ ಭರ್ತಿಗೆ ಅಚ್ಚು ಹಾಕಿದ ಪೋಸ್ಟರಿನಲ್ಲಿ ಅದೇ ಮನುಷ್ಯ ಸಾರ್ಜೆಂಟ್. ಯಾವುದು ಸರಿ? ಎರಡೂ. ದಾಳಿ ಆದ ಮೂರು ದಿನಕ್ಕೆ, ಫೆಬ್ರವರಿ 4ಕ್ಕೆ, ಸಾರ್ಜೆಂಟ್ ಮಾಡಿದರು. ಗೆಜೆಟ್ ಹೇಳುವುದು ಸಾಹಸ ಮಾಡಿದ ದಿನದ ರ‍್ಯಾಂಕ್, ಪೋಸ್ಟರ್ ಹೇಳುವುದು ಅಚ್ಚಾದ ದಿನದ್ದು. 'ಒಬ್ಬ ಐರಿಷಿನವನು 10 ಜರ್ಮನ್ನರನ್ನು ಸೋಲಿಸಿದ' ಎಂದು ಪೋಸ್ಟರ್ ಕೂಗುತ್ತಿತ್ತು. ಐದು, ಮೂರು, ಎರಡು, ಲೆಕ್ಕ ಸರಿಯಾಗೇ ಇದೆ. ಐರ್ಲೆಂಡಿನಲ್ಲಿ ಕಡ್ಡಾಯ ಭರ್ತಿ ಜಾರಿಗೆ ಬರಲೇ ಇಲ್ಲ. ಹಾಗಾಗಿ ಇಂಥ ಪೋಸ್ಟರುಗಳ ಮೇಲೆಯೇ ಸರ್ಕಾರದ ನೆಚ್ಚಿಕೆ.

ಅದೇ ವರ್ಷ ಅಕ್ಟೋಬರಿನಲ್ಲಿ ಆತ ಕನಾಟ್ ರೇಂಜರ್ಸ್ ಎಂಬ ಇನ್ನೊಂದು ಐರಿಷ್ ರೆಜಿಮೆಂಟಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್. ಇಲ್ಲಿಂದ ದಾಖಲೆಯ ಜಾತಿಯೇ ಬದಲು. ಅಧಿಕಾರಿಯ ಪ್ರತಿ ನೇಮಕ, ಪ್ರತಿ ಬಡ್ತಿ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗಬೇಕು. ಗೆಜೆಟ್ ಆನ್‌ಲೈನಿನಲ್ಲಿ ಉಚಿತ. ಹುಡುಕುವಾಗ ಹೆಸರನ್ನು ಬೇರೆ ಬೇರೆ ರೀತಿ ಬರೆದು ನೋಡಿ. ಓ ಆದ ಮೇಲೆ ಜಾಗ ಬಿಟ್ಟು, ಬಿಡದೆ, ಓ ಇಲ್ಲದೆ ಬರೀ ಲಿಯರಿ ಅಂತ. ಹಳೇ ಅಚ್ಚನ್ನು ಕಂಪ್ಯೂಟರ್ ಸರಿಯಾಗಿ ಓದಿರುವುದಿಲ್ಲ. 'ಟೆಂಪರರಿ' ಎಂದಿದ್ದರೆ ಯುದ್ಧ ಮುಗಿಯುವ ತನಕದ ಅಧಿಕಾರ. ಅಧಿಕಾರಿಗಳ ಕಡತಗಳು ಕ್ಯೂನಲ್ಲಿ ಡಬ್ಲ್ಯು.ಒ. 339, ಡಬ್ಲ್ಯು.ಒ. 374 ಸಾಲುಗಳಲ್ಲಿವೆ. ಹೆಚ್ಚಿನವು ಆನ್‌ಲೈನಿನಲ್ಲಿ ಇಲ್ಲ. ಖುದ್ದು ಹೋಗಬೇಕು, ಇಲ್ಲವೇ ದುಡ್ಡು ಕೊಟ್ಟು ಪ್ರತಿ ತರಿಸಬೇಕು.

ಓಲಿಯರಿಯ ಏಣಿ ಅಲ್ಲಿಗೆ ನಿಲ್ಲಲಿಲ್ಲ. ಯುದ್ಧ ಮುಗಿದು ಸೈನ್ಯ ಬಿಟ್ಟು ಮತ್ತೆ ಕೆನಡಾಕ್ಕೆ ಹೋದ, 1930ರ ದಶಕದಲ್ಲಿ ಲಂಡನ್ನಿಗೆ ಬಂದ. ಮೇಫೇರ್ ಹೋಟೆಲಿನ ಬಾಗಿಲಲ್ಲಿ ಸಮವಸ್ತ್ರ ಹಾಕಿ ನಿಲ್ಲುವ ಕೆಲಸ. ಎರಡನೇ ಮಹಾಯುದ್ಧ ಬಂದಾಗ ಕ್ಯಾಪ್ಟನ್ ಆಗಿ ಮತ್ತೆ ಸೈನ್ಯಕ್ಕೆ, ಆಮೇಲೆ ಪಯನಿಯರ್ ಕೋರ್‌ನಲ್ಲಿ ಮೇಜರ್. ಒಂದು ಯುದ್ಧದ ಕಡತ ಮುಗಿಯಿತೆಂದು ಹುಡುಕಾಟ ನಿಲ್ಲಿಸಿದ್ದರೆ ಆತನನ್ನು ಲೆಫ್ಟಿನೆಂಟ್ ಎಂದೇ ಬರೆದು ಮುಗಿಸುತ್ತಿದ್ದೆವು.

ಎರಡು ಸೈನ್ಯ ಇದ್ದರೆ

ಇದು ಐರಿಷರದ್ದೇ ವಿಶೇಷ ತಲೆನೋವು. ಮಾರ್ಟಿನ್ ಡಾಯ್ಲ್ ವೆಕ್ಸ್‌ಫರ್ಡ್ ಕೌಂಟಿಯ ನ್ಯೂ ರಾಸ್‌ನವನು. ಯುದ್ಧಕ್ಕೆ ಮುಂಚೆಯೇ ಸೇರಿ ಭಾರತದಲ್ಲೂ ಇದ್ದವನು. ಡಬ್ಲಿನ್ ಫ್ಯೂಸಿಲಿಯರ್ಸ್‌ನಲ್ಲಿ ಸಾರ್ಜೆಂಟ್, ಆಮೇಲೆ ಮನ್‌ಸ್ಟರ್ ಫ್ಯೂಸಿಲಿಯರ್ಸ್‌ನಲ್ಲಿ ಕಂಪನಿ ಸಾರ್ಜೆಂಟ್ ಮೇಜರ್. 1918ರ ಸೆಪ್ಟೆಂಬರ್ 2ರಂದು ಫ್ರಾನ್ಸಿನ ರಿಯಾಂಕೂರ್ ಹತ್ತಿರ ಅಧಿಕಾರಿಗಳೆಲ್ಲ ಬಿದ್ದ ಮೇಲೆ ಇಡೀ ಕಂಪನಿ ಆತನ ಕೈಗೆ ಬಂತು. ಕ್ಯಾಪ್ಟನ್ ಮಾಡುವ ಕೆಲಸ, ತೋಳಿನಲ್ಲಿ ಸಾರ್ಜೆಂಟ್ ಮೇಜರ್ ಗುರುತು. ಆವತ್ತಿನ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್. ರ‍್ಯಾಂಕ್ ಒಂದು, ಹೊತ್ತ ಹೊರೆ ಇನ್ನೊಂದು. ಪದಕ ಕೊಟ್ಟಾಗ ಗೆಜೆಟ್‌ನಲ್ಲಿ ಅಚ್ಚಾದ ಸಾಹಸದ ವಿವರ ಓದಿದರೆ ಮಾತ್ರ ಇದು ತಿಳಿಯುತ್ತದೆ. ರ‍್ಯಾಂಕಿನ ಪಟ್ಟಿ ನೋಡಿದರೆ ತಿಳಿಯುವುದಿಲ್ಲ.

1919ರಲ್ಲಿ ಬಿಡುಗಡೆ. ಮಾರನೇ ವರ್ಷವೇ ಐರ್ಲೆಂಡಿನ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಐ.ಆರ್.ಎ. ಪಡೆ ಸೇರಿ ಬ್ರಿಟಿಷರ ವಿರುದ್ಧ ಕ್ಲೇರ್ ಕೌಂಟಿಯಲ್ಲಿ ಗುಪ್ತಚರನಾದ. ಆಮೇಲೆ ಹೊಸ ಐರಿಷ್ ಸೈನ್ಯದಲ್ಲಿ 1937ರ ತನಕ. 1940ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ಡಬ್ಲಿನ್ನಿನ ಗ್ರೇಂಜ್‌ಗಾರ್ಮನ್ ಮಿಲಿಟರಿ ಸ್ಮಶಾನದಲ್ಲಿ. ಒಂದು ಕಾಲಕ್ಕೆ ಬ್ರಿಟಿಷ್ ಸೈನ್ಯದ್ದಾಗಿದ್ದ ಜಾಗ ಅದು.

ಹೀಗೆ 1919ರ ನಂತರ ನಿಮ್ಮ ಸೈನಿಕ ಬ್ರಿಟಿಷ್ ಕಾಗದಗಳಿಂದ ಮಾಯವಾದರೆ ರಾತ್‌ಮೈನ್ಸ್‌ನ ಕಾಹಲ್ ಬ್ರೂ ಬ್ಯಾರಕ್ಸ್‌ನಲ್ಲಿರುವ ಮಿಲಿಟರಿ ಆರ್ಕೈವ್ಸ್ ಕಡೆ ತಿರುಗಿ. 1922ರ ನವೆಂಬರ್ 12-13ರ ರಾತ್ರಿ ಹೊಸ ಸೈನ್ಯ ತನ್ನೆಲ್ಲರನ್ನೂ ಎಣಿಸಿತು. ಹೆಸರು, ರ‍್ಯಾಂಕ್, ಊರು, ಮನೆಯವರ ಹೆಸರು ಸಮೇತ ಆ ಸೈನಿಕ ಗಣತಿ ಅವರ ವೆಬ್‌ಸೈಟಿನಲ್ಲಿದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಅರ್ಜಿಗಳೂ ಅಲ್ಲೇ. ಪಿಂಚಣಿ ಅರ್ಜಿಯಲ್ಲಿ ಜನ ತಮ್ಮ ರ‍್ಯಾಂಕನ್ನು ಸ್ವಲ್ಪ ಎತ್ತರಿಸಿ ಹೇಳುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಸಾಕ್ಷಿದಾರರ ಮಾತನ್ನೂ ಓದಿ.

ಬೆಂಗಳೂರಿನಿಂದ ಹುಡುಕುವವರಿಗೆ

ಡಬ್ಲಿನ್ ಫ್ಯೂಸಿಲಿಯರ್ಸ್ ಅನ್ನುವ ರೆಜಿಮೆಂಟ್ 1881ರಲ್ಲಿ ಹುಟ್ಟಿದ್ದೇ ಮದ್ರಾಸ್ ಫ್ಯೂಸಿಲಿಯರ್ಸ್, ಬಾಂಬೆ ಫ್ಯೂಸಿಲಿಯರ್ಸ್ ಎರಡನ್ನೂ ಸೇರಿಸಿ. ಎರಡೂ ಈಸ್ಟ್ ಇಂಡಿಯಾ ಕಂಪನಿಯ ಹಳೇ ಯುರೋಪಿಯನ್ ಪಡೆಗಳು. 1914ರಲ್ಲಿ ಯುದ್ಧ ಶುರುವಾದಾಗಲೂ ಒಂದನೇ ಬೆಟಾಲಿಯನ್ ಮದ್ರಾಸಿನಲ್ಲೇ ಇತ್ತು. ದಂಡು ಪ್ರದೇಶದಲ್ಲಿ ಮದುವೆಯಾಗಿ ಇಲ್ಲೇ ಉಳಿದ ಐರಿಷ್ ಸಿಪಾಯಿಯ ಕುಟುಂಬದವರು ನೀವಾಗಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ 'ಎನ್/2' ನೋಡಿ. ಅದು ಮದ್ರಾಸ್ ಪ್ರಾಂತ್ಯದ ದೀಕ್ಷಾಸ್ನಾನ, ಮದುವೆ, ಸಮಾಧಿ ನೋಂದಣಿ. ಮೈಸೂರು ಸಂಸ್ಥಾನ ಬೇರೆಯೇ ಆದರೂ ಬೆಂಗಳೂರು ದಂಡಿನ ಚರ್ಚುಗಳು ಲೆಕ್ಕ ಒಪ್ಪಿಸುತ್ತಿದ್ದುದು ಮದ್ರಾಸಿಗೆ. ಪ್ರತಿ ಮಗುವಿನ ಹೆಸರಿನ ಎದುರು ಅಪ್ಪನ ರ‍್ಯಾಂಕ್ ಇರುತ್ತದೆ. ಮೊದಲ ಮಗುವಿಗೆ ಪ್ರೈವೇಟ್, ಮೂರನೆಯದಕ್ಕೆ ಕಾರ್ಪೊರಲ್, ಐದನೆಯದಕ್ಕೆ ಸಾರ್ಜೆಂಟ್. ಸೇವಾ ಕಡತವೇ ಇಲ್ಲದೆ ಬಡ್ತಿಯ ಪಟ್ಟಿ ಸಿದ್ಧ! ಕ್ಯಾಥೊಲಿಕ್ ಮನೆತನವಾದರೆ ಸ್ಥಳೀಯ ಚರ್ಚಿನ ಪುಸ್ತಕವನ್ನೂ ಕೇಳಿ ನೋಡಿ. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಹೆಸರಿನ ಚರ್ಚ್ ರೆಸಿಡೆನ್ಸಿ ರಸ್ತೆಯಲ್ಲೇ ಇದೆಯಲ್ಲ.

ಎರಡನೇ ಮಹಾಯುದ್ಧವಾದರೆ

ಇದು ಬೇರೆ ದಾರಿ. ಬ್ರಿಟಿಷ್ ರಕ್ಷಣಾ ಇಲಾಖೆಯ ಬಳಿ ಇದ್ದ ಕಡತಗಳು 2022ರಿಂದ ಕ್ಯೂಗೆ ಹೋಗುತ್ತಿವೆ. ಅರ್ಜಿ ಹಾಕುವ ಮೊದಲು ನಿಮ್ಮ ಸೈನಿಕನ ಕಡತ ಈಗ ಯಾರ ಬಳಿ ಇದೆ ಎಂದು ಕ್ಯೂನ ಕ್ಯಾಟಲಾಗಿನಲ್ಲಿ ನೋಡಿಕೊಳ್ಳಿ. ಹುಟ್ಟಿದ ದಿನಾಂಕ ಮತ್ತು ನಂಬರ್ ಇದ್ದರೆ ಕೆಲಸ ಬೇಗ.

ಒಂದು ಸೂಕ್ಷ್ಮ ವಿಷಯ. ಆ ಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತು. ಐರಿಷ್ ಸೈನ್ಯದಲ್ಲಿದ್ದ ಸುಮಾರು 5,000 ಜನ ರಜೆ ಹೇಳದೆ ಹೋದರು, ಅವರಲ್ಲಿ ಬಹಳಷ್ಟು ಜನ ಸೇರಿದ್ದು ಬ್ರಿಟಿಷ್ ಕಡೆ. 1945ರಲ್ಲಿ ಸರ್ಕಾರ ಅವರನ್ನೆಲ್ಲ ವಜಾ ಮಾಡಿ ಹೆಸರಿನ ಪಟ್ಟಿ ಮಾಡಿತು. 7 ವರ್ಷ ಸರ್ಕಾರಿ ಕೆಲಸ ಸಿಗದ ಹಾಗಾಯಿತು. ಒಂದು ಕಡತದಲ್ಲಿ ಸಾರ್ಜೆಂಟ್, ಇನ್ನೊಂದು ಕಡತದಲ್ಲಿ ಓಡಿಹೋದವ, ಇಬ್ಬರೂ ಒಬ್ಬನೇ! ಅಪ್ಪನ ಹೆಸರು ಆ ಪಟ್ಟಿಯಲ್ಲಿ ಕಂಡರೆ ವಯಸ್ಸಾದ ಮಕ್ಕಳಿಗೆ ಅದನ್ನು ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಹೊಡೆದು ಕಳಿಸಬೇಡಿ. ಎದುರು ಕೂತು ತೋರಿಸಿ. ಅವರಿಗೆಲ್ಲ ಕ್ಷಮಾದಾನ ಕೊಟ್ಟ 2013ರ ಕಾನೂನಿನ ಪ್ರತಿಯನ್ನೂ ಅದರ ಜೊತೆಗೇ ಕೈಗೆ ಕೊಡಿ.